ಒಂಬತ್ತರ ಮಗ್ಗಿ ಮತ್ತು ಆಕಾಶದ ಪಾಲು

ಮೊದಲು ಒಂದು ಸಣ್ಣ ಲೆಕ್ಕ. ಆಕಾಶವಾಣಿ ಬೆಂಗಳೂರಿನ ಮೀಡಿಯಂ ವೇವ್ ಕೇಂದ್ರ 612 ಕಿಲೋಹರ್ಟ್ಸ್. ಭದ್ರಾವತಿ 675. ಧಾರವಾಡ 765. ಕಲಬುರಗಿ 1107. ಈ ನಾಲ್ಕು ಸಂಖ್ಯೆಗಳನ್ನೂ ಒಂಬತ್ತರಿಂದ ಭಾಗಿಸಿ ನೋಡಿ. 68, 75, 85, 123. ಶೇಷ ಸೊನ್ನೆ. ಭಾರತದ ಬೇರೆ ಯಾವುದೇ ಮೀಡಿಯಂ ವೇವ್ ಕೇಂದ್ರ ತಗೊಂಡರೂ ಇದೇ ಕಥೆ. ಜಪಾನಿನಲ್ಲೂ ಇದೇ, ಜರ್ಮನಿಯಲ್ಲೂ ಇದೇ. ಆದರೆ ಅಮೆರಿಕಕ್ಕೆ ಹೋದರೆ ಒಂಬತ್ತರ ಮಗ್ಗಿ ಕೆಲಸ ಮಾಡಲ್ಲ, ಅಲ್ಲಿ ಹತ್ತರ ಮಗ್ಗಿ. ಅಲ್ಲಿಂದ ಯಾರಾದರೂ ಡಿಜಿಟಲ್ ರೇಡಿಯೋ ತಂದುಕೊಟ್ಟರೆ ಅದು 610ಕ್ಕೆ ನಿಲ್ಲುತ್ತೆ, ಆಮೇಲೆ 620ಕ್ಕೆ ಜಿಗಿಯುತ್ತೆ. ನಮ್ಮ 612 ನಡುವೆ ಉಳಿದು ಗೊರಗೊರ ಅನ್ನುತ್ತೆ. ಇದಕ್ಕಾಗಿಯೇ ಒಳ್ಳೆಯ ಸೆಟ್‌ಗಳಲ್ಲಿ 9ಕೆ/10ಕೆ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ.

ಈ ಒಂಬತ್ತನ್ನು ಯಾರು ಇಟ್ಟರು? ಪ್ರಕೃತಿಯಂತೂ ಇಡಲಿಲ್ಲ. 1975ರಲ್ಲಿ ಜಿನೀವಾದಲ್ಲಿ ಏಷ್ಯಾ, ಆಫ್ರಿಕಾ, ಯುರೋಪಿನ ದೇಶಗಳೆಲ್ಲ ಕೂತು, ನಿಮ್ಮ ಕೇಂದ್ರಕ್ಕೂ ನಮ್ಮ ಕೇಂದ್ರಕ್ಕೂ ನಡುವೆ 9 ಕಿಲೋಹರ್ಟ್ಸ್ ಅಂತರ ಇರಲಿ ಅಂತ ಒಪ್ಪಿಕೊಂಡವು. 1978ರ ನವೆಂಬರ್ 23ರಿಂದ ಅದು ಜಾರಿಗೆ ಬಂತು. ಈ ಎಲ್ಲ ಖಂಡಗಳ ಸಾವಿರಾರು ಕೇಂದ್ರಗಳು ಆ ಒಪ್ಪಂದಕ್ಕೆ ತಕ್ಕಂತೆ ತಮ್ಮ ತಮ್ಮ ಮನೆ ನಂಬರ್ ಸರಿಮಾಡಿಕೊಂಡವು. ಶೀತಲ ಸಮರದ ದಿನಗಳವು. ಒಬ್ಬರ ಮೇಲೊಬ್ಬರು ಕ್ಷಿಪಣಿ ಗುರಿಯಿಟ್ಟು ಕೂತಿದ್ದ ದೇಶಗಳು ಈ ಒಂದು ವಿಷಯದಲ್ಲಿ ಮಾತ್ರ ಒಂದೇ ಮಗ್ಗಿ ಓದಿದವು.

ಹೊಟ್ಟೆಪಾಡಿಗೆ ನಾನು ವೈರ್‌ಲೆಸ್ ಸಾಧನಗಳ ಕೆಲಸ ಮಾಡ್ತೀನಿ. ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಹೊರಗೆ ಬರಬಹುದು ಅನ್ನುವ ಕೋಷ್ಟಕಗಳು ದಿನಾ ಕಣ್ಣಮುಂದೆ ಇರುತ್ತವೆ. ಆ ಕೋಷ್ಟಕದ ಒಂದೊಂದು ಸಾಲಿನ ಹಿಂದೆಯೂ ಒಂದು ಜಗಳ, ಒಂದು ರಾಜಿ ಇದೆ ಅಂತ ಗೊತ್ತಾದ ಮೇಲೆ ಅವನ್ನು ಓದುವ ರೀತಿಯೇ ಬದಲಾಯ್ತು. ಆ ಜಗಳಗಳಲ್ಲಿ ಕೆಲವನ್ನು ನಿಮಗೆ ಹೇಳಬೇಕು. ಯಾಕಂದ್ರೆ ಅವು ಮುಗಿದಿಲ್ಲ, ಮುಂದಿನ ಸುತ್ತು ಹತ್ತಿರದಲ್ಲೇ ಇದೆ.

ನಮ್ಮ ಮಷೀನು ಇದ್ದವರ ಜೊತೆ ಮಾತ್ರ ಮಾತು

1902. ಜರ್ಮನಿಯ ಚಕ್ರವರ್ತಿಯ ತಮ್ಮ, ರಾಜಕುಮಾರ ಹೈನ್‌ರಿಚ್, ಅಮೆರಿಕ ಪ್ರವಾಸ ಮುಗಿಸಿ ಡಾಯಿಚ್‌ಲ್ಯಾಂಡ್ ಅನ್ನುವ ಹಡಗಿನಲ್ಲಿ ಊರಿಗೆ ವಾಪಸು ಹೊರಟಿದ್ದ. ಚೆನ್ನಾಗಿ ನೋಡಿಕೊಂಡಿರಿ ಅಂತ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಒಂದು ಧನ್ಯವಾದದ ಸಂದೇಶ ಕಳಿಸೋಣ ಅಂದುಕೊಂಡ. ಹಡಗಿನಲ್ಲಿ ನಿಸ್ತಂತು ಯಂತ್ರ ಇತ್ತು, ದಡದಲ್ಲಿ ಕೇಂದ್ರವೂ ಇತ್ತು. ಆದರೆ ಹಡಗಿನ ಯಂತ್ರ ಜರ್ಮನಿಯದು, ದಡದ ಕೇಂದ್ರ ಮಾರ್ಕೋನಿ ಕಂಪನಿಯದು. ನಮ್ಮ ಯಂತ್ರ ಇಟ್ಟುಕೊಂಡವರ ಜೊತೆ ಮಾತ್ರ ನಾವು ಮಾತಾಡುವುದು ಅನ್ನುವುದು ಮಾರ್ಕೋನಿಯವರ ನಿಯಮ. ರಾಜಕುಮಾರನ ಸಂದೇಶ ಹೋಗಲಿಲ್ಲ.

ಒಂದು ಆ್ಯಪ್‌ನಿಂದ ಇನ್ನೊಂದು ಆ್ಯಪ್‌ಗೆ ಮೆಸೇಜ್ ಕಳಿಸೋಕಾಗಲ್ಲ ಅಂತ ಇವತ್ತು ನಾವು ಗೊಣಗ್ತೀವಲ್ಲ, ಅದೇ ರೋಗ. ವ್ಯತ್ಯಾಸ ಏನಂದ್ರೆ ಅಲ್ಲಿ ಪಣಕ್ಕೆ ಬಿದ್ದಿದ್ದು ಹಡಗಿನಲ್ಲಿದ್ದವರ ಜೀವ. ಜರ್ಮನಿ 1903ರಲ್ಲಿ ಬರ್ಲಿನ್‌ನಲ್ಲಿ ಒಂದು ಪೂರ್ವಭಾವಿ ಸಭೆ ಕರೆಯಿತು. 1906ರಲ್ಲಿ ಅಲ್ಲೇ ಮೊದಲ ಅಂತರರಾಷ್ಟ್ರೀಯ ರೇಡಿಯೋ ಒಪ್ಪಂದಕ್ಕೆ ಸಹಿ ಬಿತ್ತು. ದಡದ ಕೇಂದ್ರ ಯಾವ ಕಂಪನಿಯದ್ದೇ ಆಗಲಿ, ಯಾವ ಹಡಗಿನ ಸಂದೇಶವನ್ನೂ ನಿರಾಕರಿಸುವಂತಿಲ್ಲ. 300 ಮತ್ತು 600 ಮೀಟರಿನ ತರಂಗಗಳು ಎಲ್ಲರಿಗೂ ಸಾಮಾನ್ಯ. ಅಪಾಯದ ಕರೆ ಎಸ್ಒಎಸ್. ಹಡಗಿಗೂ ಹಡಗಿಗೂ ನಡುವಿನ ಮಾತು ಮಾತ್ರ ಐಚ್ಛಿಕವಾಗೇ ಉಳಿಯಿತು, ದೊಡ್ಡ ಕಂಪನಿ ಇದ್ದ ದೇಶಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಮಂಜುಗಡ್ಡೆಗೆ ಬಡಿಯಿತು. ಹತ್ತಿರದಲ್ಲೇ ಕ್ಯಾಲಿಫೋರ್ನಿಯನ್ ಅನ್ನುವ ಹಡಗಿತ್ತು. ಅದರ ಏಕೈಕ ರೇಡಿಯೋ ಆಪರೇಟರ್ ಸ್ವಲ್ಪ ಹೊತ್ತಿಗೆ ಮುಂಚೆ ಮಂಜುಗಡ್ಡೆಯ ಎಚ್ಚರಿಕೆ ಕೊಡಲು ಹೋಗಿದ್ದ. ಟೈಟಾನಿಕ್‌ನ ಆಪರೇಟರ್ ಪ್ರಯಾಣಿಕರ ಖಾಸಗಿ ತಂತಿಗಳನ್ನು ದಡಕ್ಕೆ ಕಳಿಸುವ ಗಡಿಬಿಡಿಯಲ್ಲಿ, ಸುಮ್ಮನಿರಪ್ಪ, ನನಗೆ ಕೆಲಸ ಇದೆ ಅಂತ ಗದರಿದ. ಇವನು ಯಂತ್ರ ಆರಿಸಿ ಮಲಗಿಬಿಟ್ಟ. ಡಿಕ್ಕಿ ಆಗಿದ್ದು ಅದಾದ ಕೆಲವೇ ನಿಮಿಷಕ್ಕೆ. ಎರಡು ತಿಂಗಳ ನಂತರ ಲಂಡನ್‌ನಲ್ಲಿ ಸಭೆ ಸೇರಿದಾಗ, ಹಡಗು ಹಡಗುಗಳೂ ಕಂಪನಿ ನೋಡದೆ ಮಾತಾಡಲೇಬೇಕು ಅನ್ನುವುದಕ್ಕೆ ಯಾರೂ ಎದುರು ಹೇಳಲಿಲ್ಲ.

ತರಂಗಾಂತರದ ಇತಿಹಾಸದಲ್ಲಿ ಈ ಲಯ ಮತ್ತೆ ಮತ್ತೆ ಕಾಣುತ್ತೆ. ಒಪ್ಪಂದ ವರ್ಷಗಟ್ಟಲೆ ತೆವಳುತ್ತಿರುತ್ತೆ, ಒಂದು ದುರಂತ ಬಂದು ಅದನ್ನು ನೂಕುತ್ತೆ. ನೂರು ವರ್ಷ ದಾಟಿ ಬನ್ನಿ. 2014ರ ಮಾರ್ಚ್ 8ರಂದು ಮಲೇಷ್ಯಾದ ಎಂಎಚ್ 370 ವಿಮಾನ ಕಾಣೆಯಾಯ್ತು. ವಿಮಾನಗಳು ತಾವೆಲ್ಲಿದ್ದೇವೆ ಅಂತ 1090 ಮೆಗಾಹರ್ಟ್ಸ್‌ನಲ್ಲಿ ಕೂಗಿಕೊಳ್ಳುತ್ತಲೇ ಇರುತ್ತವೆ. ಆದರೆ ಅದನ್ನು ಕೇಳುವ ಕಿವಿಗಳು ನೆಲದ ಮೇಲಿದ್ದವು, ನಡುಸಮುದ್ರದಲ್ಲಿ ಕೇಳುವವರಿಲ್ಲ. ಮರುವರ್ಷ, 2015ರ ನವೆಂಬರಿನಲ್ಲಿ, ಅದೇ ಕೂಗನ್ನು ಉಪಗ್ರಹಗಳೂ ಕೇಳಿಸಿಕೊಳ್ಳಬಹುದು ಅಂತ ಜಿನೀವಾದಲ್ಲಿ ತೀರ್ಮಾನ ಆಯ್ತು. ಈ ಲೋಕದ ಗಡಿಯಾರದಲ್ಲಿ ಒಂದೂವರೆ ವರ್ಷ ಅಂದರೆ ಮಿಂಚಿನ ವೇಗ.

ಹಾಳು ಜಮೀನಿನ ಮಹಿಮೆ

ಲಂಡನ್ ಸಭೆಯ ವರ್ಷವೇ ಅಮೆರಿಕ ತನ್ನ ಹವ್ಯಾಸಿ ರೇಡಿಯೋ ಹುಡುಗರನ್ನು ಒಂದು ಮೂಲೆಗೆ ತಳ್ಳಿತು. 200 ಮೀಟರಿಗಿಂತ ಚಿಕ್ಕ ತರಂಗಗಳು ದೂರ ಹೋಗುವುದಿಲ್ಲ ಅಂತ ತಜ್ಞರ ನಂಬಿಕೆ. ಹಾಗಾಗಿ ಆ ಹಾಳು ಜಮೀನಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಟ್ಟರು. ಹುಡುಗರು ಸುಮ್ಮನೆ ಕೂರಲಿಲ್ಲ. 1923ರಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹವ್ಯಾಸಿಗಳು ನೂರು ಮೀಟರಿನ ಆಸುಪಾಸಿನ ತರಂಗದಲ್ಲಿ ಅಟ್ಲಾಂಟಿಕ್ ದಾಟಿ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. ಮೇಲಿನ ವಾಯುಮಂಡಲ ಕನ್ನಡಿಯಂತೆ ಶಾರ್ಟ್‌ವೇವನ್ನು ಹಿಂದಕ್ಕೆ ಎಸೆಯುತ್ತೆ, ಕಡಿಮೆ ಶಕ್ತಿಯಲ್ಲೇ ಪ್ರಪಂಚ ಸುತ್ತಬಹುದು. ಇದು ತಿಳಿದದ್ದೇ ತಡ, ಸರ್ಕಾರಗಳು, ಸೈನ್ಯಗಳು, ಕಂಪನಿಗಳು ಆ ಹಾಳು ಜಮೀನಿಗೆ ನುಗ್ಗಿದವು. ಊರಾಚೆ ಯಾರಿಗೂ ಬೇಡದ ಸೈಟಿನ ಪಕ್ಕ ರಿಂಗ್ ರೋಡ್ ಬಂದ ಹಾಗೆ.

ಈ ನುಗ್ಗಾಟಕ್ಕೆ ಬೇಲಿ ಹಾಕಲು 1927ರಲ್ಲಿ ವಾಷಿಂಗ್ಟನ್‌ನಲ್ಲಿ 80 ದೇಶಗಳು ಸೇರಿದವು. 10 ಕಿಲೋಹರ್ಟ್ಸ್‌ನಿಂದ 60 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕೋಷ್ಟಕ ಬರೆದರು. ಅವರು ಮಾಡಿದ ಜಾಣತನ ಏನಂದ್ರೆ, ಕತ್ತರಿಸಿದ್ದು ದೇಶಗಳಿಗೆ ಅಂತಲ್ಲ, ಕೆಲಸಗಳಿಗೆ ಅಂತ. ಇಷ್ಟು ಹಡಗಿಗೆ, ಇಷ್ಟು ವಿಮಾನಕ್ಕೆ, ಇಷ್ಟು ಪ್ರಸಾರಕ್ಕೆ, ಇಷ್ಟು ಹವ್ಯಾಸಿಗಳಿಗೆ. ಹಡಗು ಯಾವ ಬಂದರಿಗೆ ಹೋದರೂ ಅದೇ ಫ್ರೀಕ್ವೆನ್ಸಿ ಕೆಲಸ ಮಾಡಬೇಕಲ್ಲ. ನೀವು ಬೆಂಗಳೂರಿನಲ್ಲಿ ಕೊಂಡ ಬ್ಲೂಟೂತ್ ಇಯರ್‌ಫೋನ್ ಬರ್ಲಿನ್‌ನಲ್ಲೂ ಹಾಡುತ್ತೆ ಅಂದರೆ ಅದಕ್ಕೆ ಅಡಿಪಾಯ ಬಿದ್ದದ್ದು ಅಲ್ಲಿ.

ಬ್ಲೂಟೂತ್ ಅಂದ ಕೂಡಲೇ ಇನ್ನೊಂದು ಸಭೆ ನೆನಪಾಗುತ್ತೆ. 1947ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದದ್ದು. ಆ ಸಭೆ ಶುರುವಾದಾಗ ಭಾರತ ಬ್ರಿಟಿಷರ ಕೈಯಲ್ಲಿತ್ತು, ಮುಗಿಯುವಷ್ಟರಲ್ಲಿ ಸ್ವತಂತ್ರವಾಗಿತ್ತು. ಪ್ರಪಂಚವನ್ನು ಮೂರು ವಲಯ ಮಾಡಿದ್ದು ಆಗಲೇ. ನಾವು ಮೂರನೇ ವಲಯ, ಅಮೆರಿಕ ಎರಡನೆಯದು. ಮೊದಲು ಹೇಳಿದ ಒಂಬತ್ತು-ಹತ್ತರ ತಕರಾರಿನ ಗಡಿ ಇದೇ. ಅದೇ ಸಭೆಯಲ್ಲಿ ಅಮೆರಿಕ ಇನ್ನೊಂದು ಪ್ರಸ್ತಾಪ ತಂತು. ರೇಡಿಯೋ ತರಂಗದಿಂದ ಊಟ ಬಿಸಿ ಮಾಡುವ ಹೊಸ ಯಂತ್ರ ಬರ್ತಿದೆ, ಅದು ಸದ್ದು ಮಾಡುತ್ತೆ, ಅದಕ್ಕೊಂದು ಜಾಗ ಕೊಡಿ ಅಂತ. ಹಾಗೆ ಮೈಕ್ರೋವೇವ್ ಓವನ್ನಿಗೆ ಅಂತ ಎತ್ತಿಟ್ಟ ಪಟ್ಟಿ 2.4 ಗಿಗಾಹರ್ಟ್ಸ್. ಅಲ್ಲಿ ಯಾರಾದರೂ ಮಾತಾಡಲು ಹೋದರೆ ಓವನ್ನಿನ ಗದ್ದಲ ಸಹಿಸಿಕೊಳ್ಳಬೇಕು, ದೂರು ಕೊಡುವ ಹಾಗಿಲ್ಲ. ಗದ್ದಲದ ಸಂತೆ ಅಂತ ದೊಡ್ಡವರು ಬಿಟ್ಟ ಈ ಜಾಗದಲ್ಲೇ ಮುಂದೆ ವೈಫೈ ಬೆಳೆಯಿತು, ಬ್ಲೂಟೂತ್ ಬೆಳೆಯಿತು. ಭಾರತ ಇದನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟದ್ದು 2005ರ ಜನವರಿಯಲ್ಲಿ. ಓವನ್ ಆನ್ ಮಾಡಿದಾಗ ನಿಮ್ಮ ವಿಡಿಯೋ ಕಾಲ್ ತೊದಲಿದರೆ ಬೈಯಬೇಡಿ. ಆ ಜಾಗದಲ್ಲಿ ಓವನ್ನೇ ಹಳೇ ಬಾಡಿಗೆದಾರ.

ಬೀಪ್ ಬೀಪ್ ನಂತರ

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. 20.005 ಮತ್ತು 40.002 ಮೆಗಾಹರ್ಟ್ಸ್‌ನಲ್ಲಿ ಬೀಪ್ ಬೀಪ್ ಅಂದಿತು. ವಿಜ್ಞಾನಿಗಳು ಉಪಗ್ರಹಗಳಿಗೆ ಅಂತ ಮಾತಾಡಿಕೊಂಡಿದ್ದದ್ದು 108 ಮೆಗಾಹರ್ಟ್ಸ್, ಅಮೆರಿಕನ್ನರ ಉಪಕರಣಗಳೂ ಅದಕ್ಕೇ ಸಿದ್ಧವಾಗಿದ್ದವು. ಸೋವಿಯತ್‌ನವರು ಆರಿಸಿದ ಫ್ರೀಕ್ವೆನ್ಸಿಯಿಂದಾಗಿ ಪ್ರಪಂಚದಾದ್ಯಂತ ಸಾಮಾನ್ಯ ಹವ್ಯಾಸಿಯ ಮನೆಯ ರಿಸೀವರ್‌ನಲ್ಲೂ ಆ ಸದ್ದು ಕೇಳಿಸಿತು. ಗಡಿಗಳ ಮೇಲೆ ಹಾದುಹೋಗುವ ಟ್ರಾನ್ಸ್‌ಮಿಟರಿಗೆ ಯಾವ ದೇಶ ಲೈಸೆನ್ಸ್ ಕೊಡಬೇಕು? ಕೋಷ್ಟಕದಲ್ಲಿ ಅಂಥದ್ದಕ್ಕೆ ಕಾಲಮ್ಮೇ ಇರಲಿಲ್ಲ.

1959ರಲ್ಲಿ ಸ್ವಲ್ಪ, 1963ರ ಜಿನೀವಾ ಸಭೆಯಲ್ಲಿ ಧಾರಾಳವಾಗಿ ಬಾಹ್ಯಾಕಾಶಕ್ಕೆ ಜಾಗ ಕೊಟ್ಟರು. ಆದರೆ ಖಾಲಿ ಜಾಗ ಎಲ್ಲಿತ್ತು? ಉಪಗ್ರಹಕ್ಕೆ ಹೇಳಿ ಮಾಡಿಸಿದ್ದು 4 ಮತ್ತು 6 ಗಿಗಾಹರ್ಟ್ಸ್. ಮಳೆ ಬಂದರೂ ಅಷ್ಟಾಗಿ ಕುಗ್ಗದ, ಆಂಟೆನಾ ತೀರಾ ದೊಡ್ಡದೂ ಬೇಕಾಗದ ಪಟ್ಟಿ. ಅಲ್ಲಿ ಆಗಲೇ ಟೆಲಿಫೋನ್ ಇಲಾಖೆಗಳ ಮೈಕ್ರೋವೇವ್ ಗೋಪುರಗಳು ಊರಿಂದೂರಿಗೆ ಮಾತು ಸಾಗಿಸುತ್ತಿದ್ದವು. ಹಳಬರನ್ನು ಎಬ್ಬಿಸುವ ಬದಲು ಒಂದೇ ಮನೆಯಲ್ಲಿ ಎರಡು ಸಂಸಾರ ಇರುವ ಉಪಾಯ ಹುಡುಕಿದರು. ಗೋಪುರಗಳು ಅಡ್ಡಕ್ಕೆ ನೋಡುತ್ತವೆ, ಉಪಗ್ರಹ ಮೇಲಿಂದ ಕೆಳಗೆ ನೋಡುತ್ತೆ. ಉಪಗ್ರಹದ ಬೆಳಕು ನೆಲಕ್ಕೆ ಬೀಳುವಾಗ ಚದರ ಮೀಟರಿಗೆ ಇಂತಿಷ್ಟಕ್ಕಿಂತ ಜಾಸ್ತಿ ಇರಬಾರದು. ಗೋಪುರದ ಶಕ್ತಿಗೂ ಮಿತಿ. ಭೂಕೇಂದ್ರ ಕಟ್ಟುವ ಮುಂಚೆ ಅಕ್ಕಪಕ್ಕದ ದೇಶವನ್ನು ಕೇಳಬೇಕು. ಇವತ್ತಿಗೂ ಹಂಚಿಕೆಯ ಮೂಲ ಸೂತ್ರ ಇಷ್ಟೇ: ದಿಕ್ಕು, ಶಕ್ತಿ, ದೂರ, ಸಮಯ. ಈ ನಾಲ್ಕರಲ್ಲಿ ಒಂದಾದರೂ ಬೇರೆ ಇದ್ದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಇಬ್ಬರು ಬದುಕಬಹುದು.

ನಮ್ಮ ನಾಡಿಗೆ ಇದರ ಫಲ ಬೇಗ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಇಸ್ರೋ ಎರವಲು ಪಡೆದು ಸೈಟ್ ಅನ್ನುವ ಪ್ರಯೋಗ ಮಾಡಿತು. ಆರು ರಾಜ್ಯಗಳ 2,400 ಹಳ್ಳಿಗಳು. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರಿನ ಆಂಟೆನಾ, 860 ಮೆಗಾಹರ್ಟ್ಸ್, ಕನ್ನಡ ಕಾರ್ಯಕ್ರಮ. ಬೆಂಗಳೂರಿಗೆ ಇನ್ನೂ ದೂರದರ್ಶನ ಬಂದಿರಲಿಲ್ಲ, ರಾಯಚೂರಿನ ಹಳ್ಳಿಗೆ ಆಕಾಶದಿಂದ ನೇರವಾಗಿ ಟಿವಿ ಇಳಿದಿತ್ತು. 1982ರಿಂದ ಹಾಸನದ ನಿಯಂತ್ರಣ ಕೇಂದ್ರ ಇನ್ಸಾಟ್ ಉಪಗ್ರಹಗಳನ್ನು ಕಾಯುತ್ತಿದೆ.

ಮೊದಲ ಪಂಕ್ತಿ, ಕೊನೆಯ ಪಂಕ್ತಿ

ಉಪಗ್ರಹಗಳ ಜೊತೆಗೆ ಅಸಲಿ ಜಗಳ ಬಂತು. ಭೂಮಿಯಿಂದ 35,786 ಕಿಲೋಮೀಟರ್ ಮೇಲೆ, ಸಮಭಾಜಕ ವೃತ್ತದ ನೇರಕ್ಕೆ ಒಂದೇ ಒಂದು ಉಂಗುರ ಇದೆ. ಅಲ್ಲಿಟ್ಟ ಉಪಗ್ರಹ ನಮಗೆ ಆಕಾಶದಲ್ಲಿ ನಿಂತ ಹಾಗೆ ಕಾಣುತ್ತೆ. ಅದಕ್ಕೇ ನಿಮ್ಮ ಮಹಡಿಯ ಮೇಲಿನ ಡಿಶ್ ಅಲುಗಾಡದೆ ಒಂದೇ ಕಡೆ ನೋಡುತ್ತೆ. ಆ ಉಂಗುರದಲ್ಲಿ ಒಂದೇ ಫ್ರೀಕ್ವೆನ್ಸಿಯ ಎರಡು ಉಪಗ್ರಹ ತೀರಾ ಹತ್ತಿರ ಇದ್ದರೆ ಕಲಸುಮೇಲೋಗರ. ಅಂದರೆ ಸೀಟುಗಳು ಸೀಮಿತ.

ಸೀಟು ಸಿಗುವ ನಿಯಮ ಏನಿತ್ತು? ಮೊದಲು ಅರ್ಜಿ ಹಾಕಿದವನಿಗೆ ಮಣೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಅದರ ಪುಸ್ತಕದಲ್ಲಿ ಮೊದಲು ದಾಖಲಾದವರಿಗೆ ಆಮೇಲೆ ಬಂದವರು ತೊಂದರೆ ಕೊಡಬಾರದು. ಕೇಳೋಕೆ ನ್ಯಾಯವೇ. ಆದರೆ ಮೊದಲು ಅರ್ಜಿ ಹಾಕಲು ರಾಕೆಟ್ ಬೇಕು, ದುಡ್ಡು ಬೇಕು, ಇಂಜಿನಿಯರುಗಳು ಬೇಕು. ಮೊದಲ ಪಂಕ್ತಿಯವರು ಹೋಳಿಗೆ ಮುಗಿಸಿದರೆ ಕೊನೆಯ ಪಂಕ್ತಿಗೆ ಬರುವುದು ತಿಳಿಸಾರು.

ಕನ್ನಡಿಗರಿಗೆ ಈ ವಾದ ಹೊಸದಲ್ಲ. 1892ರ ಕಾವೇರಿ ಒಪ್ಪಂದದ ಪ್ರಕಾರ ಮೈಸೂರು ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕಿತ್ತು. ಮದ್ರಾಸಿನ ವಾದ, ನಾವು ತಲೆತಲಾಂತರದಿಂದ ಬಳಸ್ತಾ ಬಂದಿದ್ದೀವಿ. ಮೈಸೂರಿನ ವಾದ, ನಾವು ತಡವಾಗಿ ಶುರು ಮಾಡಿದ ಮಾತ್ರಕ್ಕೆ ನಮಗೆ ಪಾಲು ಇಲ್ಲವಾ? ಮೊದಲ ಬಳಕೆಯ ಹಕ್ಕು ದೊಡ್ಡದೋ ಸಮಪಾಲಿನ ಹಕ್ಕು ದೊಡ್ಡದೋ ಅನ್ನುವುದು ಅಲ್ಲಿ ನೀರಿನ ಪ್ರಶ್ನೆ, ಇಲ್ಲಿ ಆಕಾಶದ ಪ್ರಶ್ನೆ.

ಹೊಸದಾಗಿ ಸ್ವತಂತ್ರವಾದ ದೇಶಗಳು 1973ರ ಹೊತ್ತಿಗೆ ಐಟಿಯು ಒಪ್ಪಂದದೊಳಗೆ ಒಂದು ಮಾತು ಸೇರಿಸಿದವು: ತರಂಗಾಂತರವೂ ಭೂಸ್ಥಿರ ಕಕ್ಷೆಯೂ ಸೀಮಿತ ನೈಸರ್ಗಿಕ ಸಂಪನ್ಮೂಲಗಳು, ಎಲ್ಲ ದೇಶಗಳಿಗೂ ಅದರಲ್ಲಿ ನ್ಯಾಯವಾದ ಪ್ರವೇಶ ಇರಬೇಕು. 1976ರ ಡಿಸೆಂಬರಿನಲ್ಲಿ ಕೊಲಂಬಿಯಾ, ಈಕ್ವೆಡಾರ್, ಇಂಡೋನೇಷ್ಯಾ, ಕೀನ್ಯಾ ಮುಂತಾದ ಸಮಭಾಜಕ ದೇಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಬೊಗೋಟಾದಲ್ಲಿ ಸೇರಿ, ಆ ಉಂಗುರ ನಮ್ಮ ನೆತ್ತಿಯ ಮೇಲಿದೆ, ಹಾಗಾಗಿ ಆ ಭಾಗ ನಮ್ಮದೇ ಅಂತ ಘೋಷಿಸಿಬಿಟ್ಟವು. ಬಾಹ್ಯಾಕಾಶ ಯಾವ ದೇಶದ ಸ್ವತ್ತೂ ಅಲ್ಲ ಅನ್ನುವ 1967ರ ಒಪ್ಪಂದದ ಮುಂದೆ ಆ ವಾದ ನಿಲ್ಲಲಿಲ್ಲ. ಆದರೆ ಅದರ ಹಿಂದಿದ್ದ ಅಳಲು ನಿಂತಿತು. 1985 ಮತ್ತು 1988ರ ಸಭೆಗಳಲ್ಲಿ ಕೆಲವು ಪಟ್ಟಿಗಳನ್ನು ಬೇರೆಯಾಗಿ ಎತ್ತಿಟ್ಟು, ಪ್ರತಿ ದೇಶಕ್ಕೂ ಕನಿಷ್ಠ ಒಂದು ಜಾಗ ಅಂತ ಬರೆದಿಟ್ಟರು. ಇವತ್ತು ರಾಕೆಟ್ ಇಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ಮೊಮ್ಮಕ್ಕಳಿಗೆ ಅಂತ ಒಂದು ಸೀಟು. ಉಳಿದ ಕಡೆ ಸರದಿ ಸಾಲು ಹಾಗೇ ಮುಂದುವರಿಯಿತು.

ಸರದಿ ಸಾಲನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದು ಟೊಂಗಾ. ಪೆಸಿಫಿಕ್ ಸಾಗರದ, ಲಕ್ಷದಷ್ಟು ಜನಸಂಖ್ಯೆಯ ದ್ವೀಪರಾಜ್ಯ. 1980ರ ದಶಕದ ಕೊನೆಗೆ ಅದು 16 ಸೀಟುಗಳಿಗೆ ಅರ್ಜಿ ಹಾಕಿತು. ಒಂದೂ ಉಪಗ್ರಹ ಇಲ್ಲ! ದೊಡ್ಡವರು ಗಲಾಟೆ ಎಬ್ಬಿಸಿದ ಮೇಲೆ ಆರಕ್ಕೆ ಇಳಿಯಿತು, ಸೀಟುಗಳನ್ನು ಬಾಡಿಗೆಗೆ ಕೊಟ್ಟಿತು. ಇದು ನ್ಯಾಯವೇ ಅಂತ ಬಹಳ ಜನ ಕೇಳಿದರು. ನನಗೆ ಟೊಂಗಾದ ಮೇಲೆ ಸಿಟ್ಟು ಬರಲ್ಲ. ದೊಡ್ಡವರು ಬರೆದ ನಿಯಮವನ್ನು ಚಿಕ್ಕವನೊಬ್ಬ ಅಕ್ಷರಶಃ ಓದಿದ, ಅಷ್ಟೇ. ಆದರೆ ಆಮೇಲೆ ಎಲ್ಲರೂ ಕಾಗದದ ಮೇಲಿನ ಉಪಗ್ರಹ ಹಾರಿಸತೊಡಗಿದರು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. 1997ರ ನಂತರ ನಿಯಮ ಬಿಗಿಯಾಯ್ತು. ಉಪಗ್ರಹ ಯಾರು ಕಟ್ತಿದ್ದಾರೆ, ಯಾವ ರಾಕೆಟ್ಟಿನಲ್ಲಿ ಹೋಗುತ್ತೆ ಅಂತ ಹೇಳಬೇಕು, ಶುಲ್ಕ ಕಟ್ಟಬೇಕು. ಈಗ ಏಳು ವರ್ಷದೊಳಗೆ ಬಳಕೆಗೆ ತರದಿದ್ದರೆ ಸೀಟು ಹೋಯ್ತು.

ಟವೆಲ್ ಹಾಕುವ ಆಟ ಈಗ ಕೆಳಗಿನ ಕಕ್ಷೆಗೆ ಇಳಿದಿದೆ. ಸಾವಿರಾರು ಪುಟ್ಟ ಉಪಗ್ರಹಗಳ ಸಮೂಹಗಳು. 2021ರಲ್ಲಿ ರುವಾಂಡಾ ದೇಶದ ಹೆಸರಿನಲ್ಲಿ 3 ಲಕ್ಷಕ್ಕೂ ಹೆಚ್ಚು ಉಪಗ್ರಹಗಳಿಗೆ ಅರ್ಜಿ ಬಿತ್ತು. ಮೊದಲೆಲ್ಲ ಸಮೂಹದ ಒಂದೇ ಉಪಗ್ರಹ ಹಾರಿಸಿದರೂ ಇಡೀ ಅರ್ಜಿ ಜೀವಂತ. 2019ರಲ್ಲಿ ಈಜಿಪ್ಟಿನ ಶರ್ಮ್ ಎಲ್-ಶೇಖ್‌ನಲ್ಲಿ ನಡೆದ ಸಭೆ ಇದಕ್ಕೆ ಕಂತು ಗೊತ್ತುಮಾಡಿತು. ಆ ಏಳು ವರ್ಷ ಮುಗಿದ ಮೇಲೆ ಎರಡು ವರ್ಷಕ್ಕೆ ಶೇ. 10, ಐದು ವರ್ಷಕ್ಕೆ ಶೇ. 50, ಏಳು ವರ್ಷಕ್ಕೆ ಪೂರ್ತಿ ಹಾರಿಸಬೇಕು, ಇಲ್ಲದಿದ್ದರೆ ಅರ್ಜಿಯ ಗಾತ್ರವೇ ಕುಗ್ಗುತ್ತೆ. ಟವೆಲ್ ಹಾಕುವವರಿಗೆ ಇದು ಒಳ್ಳೆ ಲಗಾಮು. ಆದರೆ ಹಾರಿಸುವ ತಾಕತ್ತು ಇರುವವರು ನಾಲ್ಕೈದು ಮಂದಿ ಮಾತ್ರ ಇರುವಾಗ ಈ ಲಗಾಮು ಯಾರಿಗೆ ಅನುಕೂಲ ಅಂತ ಯೋಚಿಸಿ. ಭೂಸ್ಥಿರ ಉಂಗುರದಲ್ಲಿ ಮೊಮ್ಮಕ್ಕಳಿಗೆ ಅಂತ ಎತ್ತಿಟ್ಟ ಹಾಗೆ ಕೆಳಗಿನ ಕಕ್ಷೆಯಲ್ಲಿ ಯಾರಿಗೂ ಎತ್ತಿಟ್ಟಿಲ್ಲ.

ಕೇಳಿಸಿಕೊಳ್ಳುವವರ ಪಾಲು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಾತಾಡುವವರ ನಡುವಿನ ಜಗಳ. ಸುಮ್ಮನೆ ಕೇಳಿಸಿಕೊಳ್ಳುವವರು ಕೆಲವರಿದ್ದಾರೆ. ಊಟಿಯ ಗುಡ್ಡದ ಇಳಿಜಾರಿನಲ್ಲಿ ಗೋವಿಂದ್ ಸ್ವರೂಪ್ ಕಟ್ಟಿಸಿದ ದೂರದರ್ಶಕ 326.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟು ನಿಂತಿದೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗಿಬರುವಷ್ಟು ದೂರದ ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಆಂಟೆನಾಗಳನ್ನು ನೆಟ್ಟು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಬರೆದರು. ಅಲ್ಲಿಗೆ ಬರುವ ಸಂಕೇತ ಎಷ್ಟು ಕ್ಷೀಣ ಅಂದರೆ ಪಕ್ಕದಲ್ಲಿ ಒಂದು ಸ್ಕೂಟರಿನ ಕಿಡಿಯೂ ಗುಡುಗಿನ ಹಾಗೆ.

ಇಂಥವರಿಗೆ ಅಂತ ಕೋಷ್ಟಕದಲ್ಲಿ ಕೆಲವು ಮೌನದ ಪಟ್ಟಿಗಳಿವೆ. 1400ರಿಂದ 1427 ಮೆಗಾಹರ್ಟ್ಸ್ ಅಂಥದ್ದು. ಬ್ರಹ್ಮಾಂಡದ ಜಲಜನಕ 1420ರಲ್ಲಿ ಗುನುಗುತ್ತೆ, ಆದ್ದರಿಂದ ಆ ಪಟ್ಟಿಯಲ್ಲಿ ಯಾವ ಪ್ರಸಾರವೂ ಕೂಡದು. 23.6ರಿಂದ 24 ಗಿಗಾಹರ್ಟ್ಸ್ ಇನ್ನೊಂದು. ಗಾಳಿಯಲ್ಲಿರುವ ನೀರಾವಿ ತಾನಾಗಿಯೇ ಅಲ್ಲಿ ಅತಿ ಸಣ್ಣ ಸಂಕೇತ ಹೊರಸೂಸುತ್ತೆ. ಹವಾಮಾನ ಉಪಗ್ರಹಗಳು 23.8ರಲ್ಲಿ ಅದನ್ನು ಕೇಳಿ, ಎಲ್ಲಿ ಎಷ್ಟು ತೇವ ಇದೆ ಅಂತ ಅಳೆಯುತ್ತವೆ. 2011ರಲ್ಲಿ ಇಸ್ರೋ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಮೇಘಾ-ಟ್ರೋಪಿಕ್ಸ್ ಉಪಗ್ರಹದ ಉಪಕರಣದಲ್ಲೂ ಈ ಕಿವಿ ಇತ್ತು. ನೀರಾವಿ ಬೇರೆ ಫ್ರೀಕ್ವೆನ್ಸಿಗೆ ಶಿಫ್ಟ್ ಆಗು ಅಂದರೆ ಆಗಲ್ಲ. ಭೌತಶಾಸ್ತ್ರಕ್ಕೆ ಹರಾಜು ಗೊತ್ತಿಲ್ಲ.

2019ರ ಅದೇ ಈಜಿಪ್ಟ್ ಸಭೆಯಲ್ಲಿ ಅದರ ಪಕ್ಕದ ಸೈಟು, 24.25ರಿಂದ 27.5 ಗಿಗಾಹರ್ಟ್ಸ್, 5ಜಿಗೆ ಹೋಯ್ತು. ಪ್ರಶ್ನೆ ಒಂದೇ: 5ಜಿಯ ಸದ್ದು ಗೋಡೆ ದಾಟಿ ಮೌನದ ಪಟ್ಟಿಗೆ ಎಷ್ಟು ಸೋರಬಹುದು? ಜಾಗತಿಕ ಹವಾಮಾನ ಸಂಸ್ಥೆ ಕೇಳಿದ್ದು ಮೈನಸ್ 55 ಡೆಸಿಬೆಲ್‌ವ್ಯಾಟ್. ಯುರೋಪ್ ಮೈನಸ್ 42 ಅಂದಿತು. ಅಮೆರಿಕ ಮೈನಸ್ 20 ಸಾಕು ಅಂದಿತು. ಡೆಸಿಬೆಲ್ ಲೆಕ್ಕ ಮೋಸದ್ದು, 20ಕ್ಕೂ 55ಕ್ಕೂ ನಡುವೆ ಮೂರು ಸಾವಿರ ಪಟ್ಟು ಅಂತರ ಇದೆ. ವಾರಗಟ್ಟಲೆ ಚೌಕಾಸಿ ನಡೆದು ಮೊಬೈಲ್ ಗೋಪುರಗಳಿಗೆ ಮೈನಸ್ 33 ಅಂತಾಯ್ತು. 2027ರ ಸೆಪ್ಟೆಂಬರ್ 1ರ ನಂತರ ಹೊಸದಾಗಿ ಶುರುವಾಗುವ ಗೋಪುರಗಳಿಗೆ ಮೈನಸ್ 39. ಅದೂ ಹವಾಮಾನದವರು ಕೇಳಿದ್ದಕ್ಕಿಂತ 40 ಪಟ್ಟು ಸಡಿಲ.

ಇದು ಬರೀ ಇಂಜಿನಿಯರುಗಳ ಗುದ್ದಾಟ ಅನ್ನಿಸಿದರೆ ಒಡಿಶಾವನ್ನು ನೆನಪಿಸಿಕೊಳ್ಳಿ. 1999ರ ಚಂಡಮಾರುತದಲ್ಲಿ ಅಲ್ಲಿ ಸಾವಿರಾರು ಜನ ಸತ್ತರು. ಈ ಸಭೆ ನಡೆದ ವರ್ಷವೇ, 2019ರ ಮೇ ತಿಂಗಳಲ್ಲಿ ಫನಿ ಬಂದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರ ಮಾಡಿದ್ದರು, ಸಾವು ನೂರರ ಒಳಗೇ ನಿಂತಿತು. ಆಡಳಿತ ಬದಲಾಗಿತ್ತು, ಆಶ್ರಯ ಮನೆಗಳು ಎದ್ದಿದ್ದವು, ಮುನ್ಸೂಚನೆಯೂ ಸುಧಾರಿಸಿತ್ತು. ಆ ಮುನ್ಸೂಚನೆಗೆ ಆಧಾರವಾದ ಕಿವಿಗಳಲ್ಲಿ ಈ 23.8 ಕೂಡ ಒಂದು. ಭಾರತ 2022ರ ಹರಾಜಿನಲ್ಲಿ 26 ಗಿಗಾಹರ್ಟ್ಸ್ ಪಟ್ಟಿಯನ್ನು ಮಾರಿದೆ. ನಮಗೆ ವೇಗದ ಇಂಟರ್ನೆಟ್ಟೂ ಬೇಕು, ಮುಂಗಾರಿನ ಲೆಕ್ಕವೂ ಬೇಕು. ಎರಡನ್ನೂ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಒಂದಕ್ಕೆ ಬೆಲೆ ಚೀಟಿ ಇದೆ, ಇನ್ನೊಂದಕ್ಕೆ ಇಲ್ಲ. ಚೌಕಾಸಿಯ ಮೇಜಿನಲ್ಲಿ ಯಾರ ದನಿ ಜೋರಾಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಪೊಲೀಸರಿಲ್ಲದ ಊರು

ಇಷ್ಟೆಲ್ಲ ನಿಯಮ ಬರೆಯುವ ಐಟಿಯು ಹತ್ತಿರ ಒಬ್ಬ ಪೊಲೀಸೂ ಇಲ್ಲ. 1865ರ ಮೇ 17ರಂದು ಪ್ಯಾರಿಸ್‌ನಲ್ಲಿ 20 ದೇಶಗಳು ತಂತಿ ಸಂದೇಶಕ್ಕಾಗಿ ಕಟ್ಟಿಕೊಂಡ ಸಂಘ ಅದು. ಎರಡು ಮಹಾಯುದ್ಧ ದಾಟಿ ಬಂದಿದೆ. ನಿಯಮ ಮುರಿದವರಿಗೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಮತ್ತೆ ದೇಶಗಳು ಯಾಕೆ ಪಾಲಿಸುತ್ತವೆ?

ಕೆರೆ ನೀರಿನ ಉದಾಹರಣೆ ಇಲ್ಲಿ ಕೈಕೊಡುತ್ತೆ. ಮೇಲಿನ ಗದ್ದೆಯವನು ತೂಬು ಮುರಿದರೆ ಅವನಿಗೆ ನೀರು ಸಿಗುತ್ತೆ, ಕೆಳಗಿನವನಿಗೆ ಇಲ್ಲ. ತರಂಗಾಂತರದಲ್ಲಿ ಹಾಗಲ್ಲ. ನಾನು ನಿಮ್ಮ ಫ್ರೀಕ್ವೆನ್ಸಿಯಲ್ಲಿ ಕೂಗಿದರೆ ನಿಮ್ಮ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ. ಕದ್ದವನ ಕೈಗೂ ಏನೂ ದಕ್ಕುವುದಿಲ್ಲ. ಈ ಭಯವೇ ಇಲ್ಲಿನ ಪೊಲೀಸು. ರಾಜಕುಮಾರನ ಸಂದೇಶದಿಂದ ಒಂಬತ್ತರ ಮಗ್ಗಿಯವರೆಗೆ ಎಲ್ಲ ಒಪ್ಪಂದಗಳೂ ಇದರ ಮೇಲೇ ನಿಂತಿವೆ.

ಹಾಗಾದರೆ ಈ ಭಯ ಕೆಲಸ ಮಾಡದ ಜಾಗ ಯಾವುದು? ತಿರುಗಿ ಕೂಗಲು ಆಗದವರ ಜಾಗ. ದೂರದರ್ಶಕ ತಿರುಗಿ ಕೂಗಲ್ಲ, ಹವಾಮಾನ ಉಪಗ್ರಹ ಕೂಗಲ್ಲ, ಇನ್ನೂ ಉಪಗ್ರಹವೇ ಇಲ್ಲದ ದೇಶವೂ ಕೂಗಲ್ಲ. ಇವರಿಗೆ ತೊಂದರೆ ಕೊಟ್ಟವರಿಗೆ ತಿರುಗಿ ತೊಂದರೆ ಬರುವುದಿಲ್ಲ. ಇಲ್ಲಿ ಒಪ್ಪಂದವನ್ನು ಉಳಿಸಬೇಕಾದ್ದು ಬರೀ ಮಾತಿನ ಮೇಲಿನ ನಿಷ್ಠೆ.

ಮುಂದಿನ ಜಾಗತಿಕ ಸಭೆ 2027ರಲ್ಲಿ. ನಿಮ್ಮ ಜೇಬಿನ ಮಾಮೂಲಿ ಫೋನಿಗೆ ಉಪಗ್ರಹ ನೇರವಾಗಿ ಮಾತಾಡುವ ವಿಷಯ ಅಜೆಂಡಾದಲ್ಲಿದೆ. ರೇಡಿಯೋ ಖಗೋಳ ವಿಜ್ಞಾನದ ಮೌನ ವಲಯಗಳನ್ನು ಉಪಗ್ರಹ ಸಮೂಹಗಳಿಂದ ಕಾಪಾಡುವ ವಿಷಯವೂ ಇದೆ. ಚಂದ್ರನ ಮೇಲಿನ ಸಂಪರ್ಕಕ್ಕೆ ಫ್ರೀಕ್ವೆನ್ಸಿ ಹಂಚುವ ವಿಷಯವೂ ಇದೆ. ಮೊದಲನೆಯದರ ಸುದ್ದಿ ಎಲ್ಲ ಕಡೆ ಬರುತ್ತೆ. ಉಳಿದೆರಡನ್ನು ನೀವೇ ಹುಡುಕಿಕೊಂಡು ಓದಬೇಕಾಗುತ್ತೆ, ಓದಿ.

ಅಂದಹಾಗೆ, ಈ ನಿಯಮಾವಳಿಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಕಲಮು ಇದೆ. ಚಂದ್ರನ ಆಚೆಯ ಬದಿ, ಭೂಮಿಯ ಗದ್ದಲ ತಲುಪದ ಜಾಗ. ಅಲ್ಲಿ ಖಗೋಳ ವೀಕ್ಷಣೆಗೆ ತೊಂದರೆಯಾಗುವಂಥ ಪ್ರಸಾರ ಮಾಡಬಾರದು ಅಂತ ಬರೆದಿಟ್ಟಿದ್ದಾರೆ, ಬಾಹ್ಯಾಕಾಶ ಸಂಶೋಧನೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಲ್ಲಿ ಇನ್ನೂ ಯಾರೂ ಮನೆ ಮಾಡಿಲ್ಲ, ದೂರದರ್ಶಕ ವೀಕ್ಷಣಾಲಯವೂ ಎದ್ದಿಲ್ಲ. ಮುಂದೆ ಯಾವತ್ತೋ ಬರುವ ಕೇಳುಗನಿಗೆ ಅಂತ ಈಗಲೇ ಒಂದಿಷ್ಟು ಮೌನ ಎತ್ತಿಟ್ಟಿದ್ದಾರೆ. ಅಲ್ಲಿಗೆ ಫೋನ್ ಸಿಗ್ನಲ್ ಬೇಕು ಅಂತ ಯಾರಾದರೂ ಅರ್ಜಿ ಹಾಕುವ ದಿನ ಆ ಕಲಮು ಉಳಿಯುತ್ತಾ ಅಂತ ನೋಡಬೇಕು.